ಗೋಡೆಯಾಚೆಯ ತಾರೀಖು

ಕಣಿವೆಯಲ್ಲಿ ಮಂಜು ತುಂಬಿದರೆ ನಮ್ಮ ಸನ್ಯಾಸಿನಿಯರ ಮಠ ನೆಲ ಬಿಟ್ಟು ತೇಲುತ್ತಿರುವ ಹಾಗೆ ಕಾಣುತ್ತದೆ. ಡಿಸೆಂಬರಿನ ಆ ಮಧ್ಯಾಹ್ನ ನಾನು ಹತ್ತುವಾಗ ಕೆಳಗೆ ಮೊರಾವಾ ನದಿಯೂ ಇರಲಿಲ್ಲ, ಮೇಲೆ ಬೆಟ್ಟವೂ ಇರಲಿಲ್ಲ. ನನ್ನ ಎರಡು ಕಾಲು, ಬೆನ್ನ ಮೇಲೆ ರಿಪೇರಿ ಚೀಲ, ಕಿವಿಯಲ್ಲಿ ಸ್ತಾಮೆನಾ ಅತ್ತೆಯ ಮಾತು, ಇಷ್ಟೇ ಇದ್ದವು.

"ಮೊನ್ನೆಯಿಂದ ನೀರು ಬಿಟ್ರೆ ಏನೂ ಮುಟ್ಟಿಲ್ಲ ಕಣೇ ಜಿವಾನಾ, ನಿಮ್ಮ ಮಾವ. ಹಲಗೆ ಕೇಳ್ಲಿ, ಆಮೇಲೆ ಊಟ ಅಂತಾನೆ. ನಾನೇ ಬಾಗಿಲಾಚೆ ನಿಂತು ತರಕಾರಿ ಹಲಗೆ ಬಡಿದೆ. ಈರುಳ್ಳಿ ವಾಸನೆ ಬರ್ತಿದೆ, ಒಳಗೆ ಬಾ ಅಂದ."

ವಿದೋಸಾವ್ ಮಾವ ಕಾಲು ಸೋಲುವವರೆಗೂ ಮಠದಲ್ಲಿ ಸಂಜೆಯ ಪ್ರಾರ್ಥನೆಗೆ ಕರೆಯುವ ಮರದ ಹಲಗೆ ಬಡಿಯುತ್ತಿದ್ದವನು. ಕ್ರಿಸ್ತ ಜಯಂತಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮೂರು ಸುತ್ತು ಬಡಿದಾದ ಮೇಲೆಯೇ ಅವನ ಊಟ. ಹಾಸಿಗೆ ಹಿಡಿದ ಮೇಲೂ ಆ ನೇಮ ಬಿಡಲಿಲ್ಲ. ಅದಕ್ಕೆಂದೇ ನಾನು ಮಠದ ಅಂಗಳದಲ್ಲಿ ಒಂದು ಮೈಕು, ಉಗ್ರಾಣದಲ್ಲಿ ಅಂಗೈಯಗಲದ ಒಂದು ಕಂಪ್ಯೂಟರು, ನದಿಯಾಚೆ ಅವನ ದಿಂಬಿನ ಪಕ್ಕ ಒಂದು ಸ್ಪೀಕರು ಇಟ್ಟಿದ್ದೆ. ಕಂಪ್ಯೂಟರಿನೊಳಗೆ ತೆರೆಮರೆಯಲ್ಲಿ ಓಡುವ ಒಂದು ಸೇವೆ ಆ ಸದ್ದನ್ನು ತಂತಿಯಿಲ್ಲದೆ ನದಿ ದಾಟಿಸುತ್ತಿತ್ತು. ಮೊನ್ನೆ ಕರೆಂಟು ಹೋಗಿ ಬಂದಾಗಿನಿಂದ ದಾಟಿಸುತ್ತಿರಲಿಲ್ಲ. ವೈದ್ಯರು ಬಂದು ನೋಡಿ, ಇವತ್ತೂ ಉಣ್ಣದಿದ್ದರೆ ಈ ಜೀವ ತಡೆಯುವುದಿಲ್ಲ ಎಂದು ಹೇಳಿ ಹೋಗಿದ್ದರು.

ಅವನ ಬದಲು ಈಗ ಹಲಗೆ ಬಡಿಯುವ ಸನ್ಯಾಸಿನಿ, ಮಾತೆ ಯೆವ್‌ಪ್ರಾಕ್ಸಿಯಾ ಮಠದ ಬಾಗಿಲಲ್ಲೇ ಒಂದು ಚಮಚ ಗುಲಾಬಿ ಪಾಕ, ಒಂದು ಲೋಟ ನೀರು ಹಿಡಿದು ನಿಂತಿದ್ದರು. ನೇಮದ ವಿಷಯದಲ್ಲಿ ಕಟ್ಟಾ ಹೆಂಗಸು. ಜ್ವರದಲ್ಲೂ ಒಂದು ಪೆಟ್ಟು ತಪ್ಪಿಸಿದವರಲ್ಲ.

"ಮೊದ್ಲು ಬಾಯಿ ಸಿಹಿ ಮಾಡ್ಕೋ. ಆಮೇಲೆ ನಿನ್ನ ಪೆಟ್ಟಿಗೆ ಜೊತೆ ಜಗಳ ಆಡು."

ಜಗಳವಾಡಲು ಅದು ಬಾಯಿ ಬಿಟ್ಟರೆ ತಾನೆ? ಹಸಿರು ದೀಪ ಉರಿಯುತ್ತಿತ್ತು. ಆಂಟೆನಾ ನೆಟ್ಟಗಿತ್ತು. ಸೇವೆಗೆ ಶುರುವಾಗು ಎಂದೆ, ಆಯಿತು ಎಂದಿತು. ಓಡುತ್ತಿದ್ದೀಯಾ ಎಂದು ಕೇಳಿದೆ, ಇಲ್ಲ ಎಂದಿತು. ಏಕೆ ಎಂದರೆ ಮೌನ. ತಪ್ಪಾಗಿದೆ ಎಂದು ಒಂದು ಸಾಲು ಬರೆದಿಡಲು ಇದನ್ನು ಮಾಡಿದವರಿಗೆ ಏನು ದಾಡಿಯಾಗಿತ್ತೋ, ಮನಸಾರೆ ಬೈದುಕೊಂಡೆ.

ಉಗ್ರಾಣದಲ್ಲಿ ಒಣಗಿದ ಸೇಬಿನ ವಾಸನೆ. ಕಿಟಕಿಗೆ ಮಂಜು ಒರಗಿಕೊಂಡಿತ್ತು. ಮತ್ತೆ ಮತ್ತೆ ಶುರು ಮಾಡುತ್ತಾ ನನಗೆ ಜೊಂಪು ಹತ್ತಿತು. ಕನಸಿನಲ್ಲಿ ಯಾರೋ ಬಾಗಿಲವರೆಗೆ ಬರುತ್ತಾರೆ, ಚಿಲಕ ಮುಟ್ಟುತ್ತಾರೆ, ಏನನ್ನೋ ಕಂಡು ಸದ್ದಿಲ್ಲದೆ ಹಿಂದಿರುಗುತ್ತಾರೆ. ಮತ್ತೆ ಬರುತ್ತಾರೆ. ಏನು ಕಂಡೆ ಎಂದು ಕೇಳಬೇಕೆನಿಸಿತು. ಕಣ್ಣು ಬಿಟ್ಟರೆ ಪರದೆಯ ಮೂಲೆಯಲ್ಲಿ ತಾರೀಖು ಐದು. ಎದುರು ಗೋಡೆಯ ಪಂಚಾಂಗದಲ್ಲೂ ಐದು. ಎರಡೂ ಒಂದೇ ಇದೆಯಲ್ಲ ಎಂದು ಸುಮ್ಮನಾದೆ.

"ನಾಳೆ ಆರು, ಸಂತ ನಿಕೋಲನ ಹಬ್ಬ," ಎಂದರು ಮಾತೆ, ಬೀನ್ಸ್ ಆರಿಸುತ್ತಾ. "ವಿದೋಸಾವನ ಮನೆದೇವರೇ ಅವನು. ಹಬ್ಬದ ದಿನವೂ ಹಸಿದಿರಬೇಕಾ ಮುದುಕ?"

ಹಬ್ಬಕ್ಕೆ ಅತ್ತೆ ನನ್ನನ್ನು ಕರೆದಿದ್ದು ಹತ್ತೊಂಬತ್ತಕ್ಕೆ. ಜೊಂಪು ಹಾರಿಹೋಯಿತು.

"ಮಾತೆ, ಈ ಪೆಟ್ಟಿಗೆಗೆ ತಾರೀಖು ಯಾರು ಹಾಕಿದ್ದು?"

"ನಾನೇ. ಕರೆಂಟು ಹೋಗಿ ಬಂದ್ಮೇಲೆ ಅದಕ್ಕೆ ಬುದ್ಧಿ ಕೆಟ್ಟು ಯಾವುದೋ ಹಳೇ ವರ್ಷ ತೋರಿಸ್ತಿತ್ತು. ನೀನು ಹೇಳ್ಕೊಟ್ಟ ಹಾಗೇ ಸರಿ ಮಾಡ್ದೆ."

ಸರಿಯೇ, ಸಂತರ ಲೆಕ್ಕದಲ್ಲಿ. ನಮ್ಮ ಚರ್ಚಿನ ಪಂಚಾಂಗ ಲೋಕಕ್ಕಿಂತ ಹದಿಮೂರು ದಿನ ಹಿಂದೆ. ಹುಟ್ಟಿದಾಗಿನಿಂದ ಎರಡು ತಾರೀಖುಗಳನ್ನೂ ತಲೆಯಲ್ಲಿ ಹೊತ್ತು ತಿರುಗುವ ನಮಗೆ ಐದು ಕಂಡರೂ ಅನುಮಾನ ಬರುವುದಿಲ್ಲ. ಆದರೆ ಆ ಸೇವೆಗೆ ಹೋದ ವಾರ ನಾನೇ, ಅಂದಿನ ತಾರೀಖಿನಿಂದ ಮಾತ್ರ ಓಡಲು ಬಿಡುವ ಹೊಸ ಪರವಾನಗಿ ಹಾಕಿದ್ದೆ. ಐದನೇ ತಾರೀಖಿನಲ್ಲಿ ನಿಂತು ನೋಡಿದರೆ ಆ ಪರವಾನಗಿ ಇನ್ನೂ ಹುಟ್ಟೇ ಇಲ್ಲ. ಪಾಪ, ಸೇವೆ ಬಾಗಿಲಿಗೆ ಬಂದು ತಾರೀಖು ನೋಡಿ ಸುಮ್ಮನೆ ಮಲಗುತ್ತಿತ್ತು.

"ಹದಿನೆಂಟು ಅಂತ ಹಾಕ್ಬೇಕು, ಮಾತೆ."

"ಆಗಲ್ಲ. ಈ ಗೋಡೆಯೊಳಗೆ ನಿಮ್ಮ ತಾರೀಖು ಬರಲ್ಲ. ದೊಡ್ಡ ದೊಡ್ಡ ರಾಜರೇ ತರಕ್ಕೆ ನೋಡಿ ಸೋತು ಹೋದ್ರು."

"ಮಾವ ಸತ್ರೆ ಯಾವ ತಾರೀಖು ಬರೀತೀರಿ?"

ಹೇಳಬಾರದಿತ್ತು. ಆದರೆ ನನಗೆ ಸಿಟ್ಟು ಬಂದಿತ್ತು, ಹೆದರಿಕೆಯೂ ಆಗಿತ್ತು. ಮಾತೆ ಎದ್ದರು. ಪ್ಲಗ್ಗು ಕಿತ್ತು, ಕಂಪ್ಯೂಟರನ್ನು ಮಡಿಲಿಗೆ ಹಾಕಿಕೊಂಡು ಅಂಗಳ ದಾಟಿ, ಹೆಬ್ಬಾಗಿಲು ದಾಟಿ ಮಂಜಿನೊಳಗೆ ನಡೆದರು. ನಾನು ಆಂಟೆನಾ ಎತ್ತಿಕೊಂಡು ಹಿಂದೆ ಓಡಿದೆ. ಗೋಡೆಗೆ ಹೊರಗಿನಿಂದ ಒರಗಿದ ಸೌದೆ ಗುಡಿಸಲಿನಲ್ಲಿ ಒಂದು ಬಲ್ಬೂ ಅದರ ಪಕ್ಕ ಪ್ಲಗ್ಗು ಚುಚ್ಚುವ ಜಾಗವೂ ಇದ್ದವು.

"ಇದು ಗೋಡೆಯಾಚೆ. ಇಲ್ಲಿ ಅದು ಯಾವ ಶತಮಾನದಲ್ಲಾದ್ರೂ ಇರ್ಲಿ."

ಮೈಕಿನ ತಂತಿಯನ್ನು ಗೋಡೆ ಹಾರಿಸಿ ಇಳಿಬಿಟ್ಟೆವು. ಹದಿನೆಂಟು ಎಂದು ಹಾಕಿ, ಶುರುವಾಗು ಎಂದೆ. ಆಯಿತು ಎಂದಿತು. ಓಡುತ್ತಿದ್ದೀಯಾ? ಹೌದು.

ತೂಗುಸೇತುವೆ ದಾಟಿ ನಾನು ಮಾವನ ಮನೆ ಮುಟ್ಟುವಾಗ ಅತ್ತೆ ಬೀನ್ಸ್ ಬಟ್ಟಲು ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಸ್ಪೀಕರಿನಲ್ಲಿ ಕಲ್ಲಿನ ಮೇಲೆ ಹೆಜ್ಜೆ ಸಪ್ಪಳ ಕೇಳಿತು, ಒಂದು ಕಾಗೆ ಕೂಗಿತು, ಆಮೇಲೆ ಹಲಗೆ. ಮೆಲ್ಲಗೆ ಶುರುವಾಗಿ ಓಟಕ್ಕೇರಿ ಕೋಣೆಯನ್ನೆಲ್ಲ ತುಂಬಿತು. ಮಾವನ ಬೆರಳುಗಳು ಹೊದಿಕೆಯ ಮೇಲೆ ಜೊತೆಗೂಡಿ ಬಡಿಯತೊಡಗಿದವು. ಒಂದು ಸುತ್ತು ಮುಗಿಯಿತು.

ಎರಡನೆಯದು ಬರಲಿಲ್ಲ.

"ಮತ್ತೆ ಕೆಟ್ಟಿತೇನೇ?" ಅತ್ತೆಯ ದನಿ ಒಡೆಯಿತು. ನಾನು ಮೊಬೈಲು ನೋಡಿದೆ. ಸೇವೆ ಓಡುತ್ತಿತ್ತು. ಸ್ಪೀಕರಿನಲ್ಲಿ ಹೆಜ್ಜೆಗಳು ಹಲಗೆಯಿಂದ ದೂರ ಹೋಗುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ಮಾವ ಆ ಹೆಜ್ಜೆಗಳಿಗೆ ಕಿವಿಗೊಟ್ಟ. ಅವನ ಕಣ್ಣಂಚು ಒದ್ದೆಯಾಯಿತು.

"ಕೆಟ್ಟಿಲ್ಲ," ಎಂದ. "ಅವಳೇ ನಿಲ್ಸಿದ್ಲು. ಜ್ವರದಲ್ಲೂ ಒಂದು ಪೆಟ್ಟು ಬಿಡದೋಳು, ನಾನು ಬೇಗ ಉಣ್ಲಿ ಅಂತ ಎರಡು ಸುತ್ತು ಬಿಟ್ಟು ಹೋದ್ಲು. ಕೊಡೇ ಬೇಗ. ನನಗೋಸ್ಕರ ಅವಳು ಕಟ್ಕೊಂಡ ಪಾಪ ವ್ಯರ್ಥ ಆಗೋದು ಬೇಡ."