ಮೂರನೆಯ ಸೀಟಿಗೆ ಜಾಗ

ಟಕ್ ಅನ್ನಬೇಕಿತ್ತು, ಅನ್ನಲಿಲ್ಲ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜಿದ ಸದ್ದಷ್ಟೇ, ಹಲ್ಲು ಜುಮ್ಮೆನ್ನಿಸುವಂಥದ್ದು — ಸೋಲ್ವೈಗ್ ಕೈಗವಸು ಕಳಚಿ ಬಾಯಲ್ಲಿ ಕಚ್ಚಿಕೊಂಡಳು, ಒದ್ದೆ ಉಣ್ಣೆಯ ರುಚಿ, ಇನ್ನೊಮ್ಮೆ ನೋಡೋಣ, ಒಂದೇ ಒಂದು ಸಲ, ಎರಡು ಸೀಟುಗಳ ಸಂದಿಯಲ್ಲಿ ಕೈ ತೂರಿಸಿ ತಡಕಿದಳು, ಬೆಲ್ಟು ಸಿಕ್ಕಿಸುವ ಕೊಂಡಿ ಅಲ್ಲೇ ಇದೆ, ಬೆರಳ ತುದಿಗೆ ತಾಗುತ್ತದೆ, ತಾಗಿದರೇನು, ಬೆಲ್ಟನ್ನು ಅದರೊಳಗೆ ಒತ್ತುವಷ್ಟು ಎಡೆ ಬೇಕಲ್ಲ, ಎಡಕ್ಕೆ ಪುಟ್ಟ ಸೀವ್‌ಳ ಸೀಟು, ಬಲಕ್ಕೆ ಮೂರು ವರ್ಷದ ಆಲ್ಗೋತನದು, ಎರಡೂ ಹಿಂದಕ್ಕೆ ಮುಖ ಮಾಡಿ ಕೂತಿವೆ, ಎಳೆಯ ಮಕ್ಕಳನ್ನು ಕೂರಿಸುವುದೇ ಹಾಗೆ, ಆಲ್ಗೋತನ ಸೀಟಿಗೆ ಆಧಾರವಾಗಿ ಕಾರಿನ ನೆಲಕ್ಕೂರುವ ಕಾಲು ನಿಲ್ಲಲೆಂದು ಅದರ ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿಗೆ ಅಂಟುವ ತನಕ ಸರಿಸಿದ್ದಾಗಿದೆ, ಅಲ್ಲಿ ಬೆಕ್ಕು ಕೂಡ ಕೂರಲಾರದು, ಉಳಿದದ್ದು ಹಿಂದಿನ ನಡುವಿನ ಜಾಗ, ಅದು ತೂವಾಳದು, ಏಳು ವರ್ಷದ ಹುಡುಗಿಗೆ ಬೇಕಾದದ್ದು ಎಷ್ಟು ಜಾಗ ದೇವರೇ, ಮನೆಯಲ್ಲಿ ಟೇಪು ಹಿಡಿದು ಅಳೆದಿದ್ದಳು, ಸರಿಹೋಗುತ್ತದೆ ಅನ್ನಿಸಿತ್ತು, ಆದರೆ ಕಚೇರಿಯವರು ಕೊಟ್ಟ ಸೀಟುಗಳಿಗೆ ಪಕ್ಕದಲ್ಲಿ ದಪ್ಪ ರೆಕ್ಕೆಗಳು, ತಲೆಗೆ ಪೆಟ್ಟಾಗದಿರಲಿ ಅಂತ, ಒಳ್ಳೆಯದಕ್ಕೇ, ಎಲ್ಲವೂ ಒಳ್ಳೆಯದಕ್ಕೇ, ಪರ್ನಿಲ್ಲಾ ಕೂಡ ಒಳ್ಳೆಯವಳೇ, ಸಮಾಜ ಕಲ್ಯಾಣ ಕಚೇರಿಯ ಹೆಂಗಸು, ಮಕ್ಕಳನ್ನು ಒಳಗೆ ಕೂರಿಸಿ ಕಚೇರಿಯ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದಾಳೆ, ಮೂಗು ಕೆಂಪಾಗಿದೆ, ಅವಸರ ಇಲ್ಲ ಸೋಲ್ವೈಗ್ ಅನ್ನುತ್ತಾಳೆ, ಅನ್ನುವಾಗ ಗಡಿಯಾರ ನೋಡುತ್ತಾಳೆ.

ಕಾರಿನೊಳಗೆ ಮಂಡಿಯೂರಿ ಕೂತರೆ ಸ್ಟಿಗ್‌ನ ಪೈಪಿನ ವಾಸನೆ ಇನ್ನೂ ಇದೆ, ಸತ್ತ ಗಂಡನ ಕಾರು, ಇಬ್ಬರಿಗೆಂದು ಕೊಂಡದ್ದು, ಇಬ್ಬರಿಗೆ ಸಾಕಲ್ಲ ಅಂದಿದ್ದ, ಆಗ ಲಿನ್ನೇಯಾ ಮನೆ ಬಿಟ್ಟಾಗಿತ್ತು, ಒಬ್ಬಳೇ ಮಗಳು, ಈ ಮೂವರ ತಾಯಿ, ಈಗ ಎಲ್ಲಿದ್ದಾಳೋ, ಚಿಕಿತ್ಸೆಗೆಂದು ಸೇರಿಸಿದಲ್ಲಿಂದ ಹೋದವಳು ಫೋನು ಎತ್ತುತ್ತಿಲ್ಲ, ಮಾತ್ರೆಗಳು, ಮೊದಲು ಬೆನ್ನು ನೋವಿಗೆ, ಆಮೇಲೆ ಯಾವುದಕ್ಕೂ ಅಲ್ಲ, ಅಡುಗೆಮನೆಯ ನೆಲದ ಮೇಲೆ ಬಿದ್ದವಳ ಮೈಗೆ ತೂವಾ ಕೋಟು ಹೊದಿಸಿ ತಮ್ಮನಿಗೆ ಗಂಜಿ ಕಾಯಿಸುತ್ತಿದ್ದಳಂತೆ, ಬಾಗಿಲು ತಟ್ಟಿದವರಿಗೆ ಅಮ್ಮ ಮಲಗಿದ್ದಾಳೆ, ಮೆಲ್ಲಗೆ ಮಾತಾಡಿ ಅಂದಳಂತೆ, ಅಜ್ಜಿಗೆ ಯಾಕೆ ಫೋನು ಮಾಡಲಿಲ್ಲ ಕೂಸೇ, ನಾನು ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಆಲೂಗಡ್ಡೆ ಬೇಯಿಸುತ್ತಿದ್ದೆ — ಟಕ್ ಅನ್ನು, ದಮ್ಮಯ್ಯ, ಒಂದು ಸಲ ಅನ್ನು — ಬೆರಳ ಗೆಣ್ಣಿನ ಚರ್ಮ ಸುಲಿದಿದೆ, ಚಳಿಗೆ ನೋವೇ ತಿಳಿಯಲಿಲ್ಲ. ಇವತ್ತು ತೂವಾ ಒಬ್ಬಳನ್ನು ನಿಮ್ಮ ಕಾರಿನಲ್ಲಿ ಕರೆತನ್ನಿ ಎಂದು ಸೋಲ್ವೈಗ್ ಆಗಲೇ ಕೇಳಿದ್ದಳು, ಪರ್ನಿಲ್ಲಾ ತಾಳ್ಮೆಯಿಂದ ಹೇಳಿದಳು, ಇವತ್ತು ತರ್ತೀನಿ, ನಾಳೆ ಶಾಲೆಗೆ, ನಾಡಿದ್ದು ಆಸ್ಪತ್ರೆಗೆ, ನಿಮ್ಮನೆ ಕಾಡಿನೊಳಗಿದೆ, ಬಸ್ಸು ಬರಲ್ಲ, ಕಾರಿಲ್ಲದೆ ಮೂರು ಮಕ್ಕಳನ್ನ ಹೇಗೆ ನೋಡ್ಕೋತೀರಿ, ದೊಡ್ಡ ಕಾರು ಸಿಕ್ಕಾಗ ನೋಡೋಣ, ಅಲ್ಲಿವರೆಗೆ ತೂವಾಗೆ ಲೂಲಿಯೋ ಪಟ್ಟಣದಲ್ಲಿ ಮಕ್ಕಳನ್ನ ನೋಡ್ಕೊಳ್ಳೋರ ಒಳ್ಳೆ ಮನೆ ಇದೆ, ನಾಯಿ ಕೂಡ ಸಾಕಿದ್ದಾರೆ. ಅಲ್ಲಿವರೆಗೆ. ಲಿನ್ನೇಯಾಳನ್ನು ಸೇರಿಸಿದಾಗಲೂ ಸ್ವಲ್ಪ ದಿನದ ಮಟ್ಟಿಗೆ ಅಂದಿದ್ದರು, ಆ ಸ್ವಲ್ಪ ದಿನ ಎಲ್ಲಿ ಮುಗಿಯಿತು, ಮೂವರನ್ನೂ ಕೊಡಿ, ಇಲ್ಲದಿದ್ದರೆ ಒಬ್ಬರೂ ಬೇಡ ಎಂದು ಹಟ ಹಿಡಿದರೆ ಮೂವರೂ ಮೂರು ಊರಿಗೆ ಹೋಗುತ್ತಾರೆ, ಅದನ್ನೂ ಪರ್ನಿಲ್ಲಾ ಹೇಳಿದ್ದಾಳೆ, ಬೆದರಿಸಿದಂತಲ್ಲ, ಬೇಸರದಿಂದ, ಅವಳ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಗ ತೂವಾ ಬಂದಳು, ಬೂಟಿನ ಲೇಸು ಕಟ್ಟಿಲ್ಲ, ಟೊಪ್ಪಿ ಇಲ್ಲ, ಕಿಟಕಿಯಿಂದ ಎಲ್ಲ ನೋಡಿರಬೇಕು, ಸ್ವಲ್ಪ ಸರ್ಕೋ ಅಜ್ಜಿ ಅಂತ ಇವಳನ್ನು ಪಕ್ಕಕ್ಕೆ ತಳ್ಳಿ ಮುಂದಿನ ಸೀಟುಗಳ ನಡುವಿನಿಂದ ಹಿಂದಕ್ಕೆ ನುಸುಳಿ ಆ ಸಂದಿಯ ಸೀಟಿನಲ್ಲಿ ಇಳಿದು ಕೂತಳು, ಭುಜಗಳನ್ನು ಒಳಗೆ ಎಳೆದುಕೊಂಡಳು, ಕೈಗಳನ್ನು ಎದೆಯ ಮೇಲೆ ಮಡಚಿದಳು, ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದಳು, ಈಗ ಹಾಕು ಎನ್ನುವಂತೆ ಕಣ್ಣಲ್ಲೇ ಸನ್ನೆ, ಸೋಲ್ವೈಗ್ ಬೆಲ್ಟು ಎಳೆದಳು, ಒತ್ತಿದಳು, ಇಲ್ಲ, ಪಕ್ಕದ ಸೀಟನ್ನು ಮಂಡಿಯಿಂದ ಒತ್ತಿಹಿಡಿದು ಮತ್ತೆ ಒತ್ತಿದಳು, ಹುಡುಗಿಯ ಮುಖ ಕೆಂಪಗಾಯಿತು, ಉಸಿರು ಬಿಡು ಕೂಸೇ, ಬಿಡಲಿಲ್ಲ, ಬಿಡು ಅಂದೆನಲ್ಲ, ಕೊನೆಗೆ ಬಿಟ್ಟು ಏದುತ್ತ ಅಂದಳು, ಇನ್ನೂ ಸಣ್ಣಗಾಗ್ತೀನಿ ಅಜ್ಜಿ, ರಾತ್ರಿ ಊಟ ಮಾಡಲ್ಲ, ನಾಳೆ ಬಾ. ಮೆಟ್ಟಿಲ ಮೇಲಿದ್ದ ಪರ್ನಿಲ್ಲಾ ಬೇರೆ ಕಡೆ ತಿರುಗಿದಳು. ನೀನು ಸಣ್ಣಗೇ ಇದ್ದೀಯ, ಕಾರು ಸಣ್ಣದು, ತಪ್ಪು ಕಾರಿನದು ಎಂದಳು ಸೋಲ್ವೈಗ್, ಹೇಳುವಾಗಲೇ ಆ ಮಾತು ಎಷ್ಟು ಪೊಳ್ಳು ಅನ್ನಿಸಿತು, ತೂವಾ ಅಳಲಿಲ್ಲ, ಅತ್ತಿದ್ದರೆ ಅಪ್ಪಿಕೊಳ್ಳಬಹುದಿತ್ತು, ಇಳಿದು ನಿಂತು ಸ್ವೆಟರು ಕಳಚಿಕೊಟ್ಟಳು, ಸೀವ್ ಇದರ ತೋಳು ಹಿಡ್ಕೊಂಡ್ರೇನೇ ಮಲಗೋದು, ಒಗೀಬೇಡ, ನನ್ನ ವಾಸನೆ ಹೋದ್ರೆ ರಾತ್ರಿಯೆಲ್ಲ ಎಬ್ಬಿಸ್ತಾಳೆ, ಆಲ್ಗೋತನ ಗಂಜಿಗೆ ಜಾಮ್ ಮೇಲೆ ಹಾಕ್ಬೇಡ, ಪಕ್ಕಕ್ಕೆ ಹಾಕು — ಕೆಲಸ ಒಪ್ಪಿಸಿ ಹೋಗುವ ದೊಡ್ಡ ಹೆಂಗಸಿನ ಹಾಗೆ, ತೆಳು ಅಂಗಿಯಲ್ಲಿ, ಹಿಮದಲ್ಲಿ, ಇವಳು ತನ್ನ ಕೋಟು ಬಿಚ್ಚಿ ಹೊದಿಸಲು ಹೋದರೆ ಬೇಡ ಅಜ್ಜಿ, ನೀನು ಗಾಡಿ ಓಡಿಸ್ಬೇಕಲ್ಲ ಅಂದಳು.

ದಾರಿಯುದ್ದಕ್ಕೂ ಪೈನ್ ಮರಗಳು, ಚಳಿಗಾಲದ ಮಧ್ಯಾಹ್ನ ಮೂರು ಗಂಟೆಗೇ ಕತ್ತಲೆ, ಎದುರಿಗೆ ಮರದ ದಿಮ್ಮಿಗಳ ಲಾರಿ ಹಿಮ ಎರಚಿಕೊಂಡು ಹೋಗುತ್ತದೆ, ಹಿಂದೆ ಸೀವ್ ಸ್ವೆಟರಿನ ತೋಳು ಹಿಡಿದು ನಿದ್ದೆ ಹೋಗಿದ್ದಾಳೆ, ಆಲ್ಗೋತ್ ತೂವಾ ಎಲ್ಲಿ ಎಂದು ಕೇಳುತ್ತಾನೆ, ಆಮೇಲೆ ಬರ್ತಾಳೆ, ಯಾವಾಗ, ಆಮೇಲೆ, ಮತ್ತೆ ಕೇಳುತ್ತಾನೆ, ಶಾಲೆಯ ಕಾವಲುಗಾರ ರೂನೆಯದು ಅಗಲವಾದ ಕಾರು, ಕೇಳಬೇಕು, ನಾಳೆಯೇ, ಬದಲಿಗೆ ಕೊಡುತ್ತಾನೋ ಇಲ್ಲವೋ, ಕೊಟ್ಟರೆ ಆಗ ಇನ್ನೊಂದು ನೆಪ ಬರುವುದಿಲ್ಲವೆ, ನಿಮ್ಮ ವಯಸ್ಸು ಸೋಲ್ವೈಗ್, ನಿಮ್ಮ ಮಂಡಿನೋವು, ಕೇಳಬೇಕು, ಕನ್ನಡಿಯಲ್ಲಿ ಎರಡು ಸೀಟುಗಳ ನಡುವೆ ಕತ್ತಲೆಯ ಒಂದು ಸೀಳು, ನೋಡಬಾರದು, ರಸ್ತೆ ನೋಡು, ನೋಡುತ್ತಾಳೆ, ಅಲ್ಲಿ ಒಳಗೆ ಎಳೆದುಕೊಂಡ ಎರಡು ಭುಜ, ಎದೆಯ ಮೇಲೆ ಮಡಚಿದ ಕೈ, ಉಬ್ಬಿದ ಕೆನ್ನೆ, ಬಿಡು ಕೂಸೇ, ಉಸಿರು ಬಿಡು, ಕೆಂಪಗಾಗುತ್ತಿರುವ ಮುಖ, ಬಿಡುತ್ತಿಲ್ಲ, ಕಣ್ಣು ಇವಳ ಮೇಲೇ, ಬಿಡುತ್ತಿಲ್ಲ