ಒದ್ದೆ ಬಟ್ಟೆಯ ತೂಕ

ನಮ್ಮದು ತಕ್ಕಡಿ ರಿಪೇರಿ ಮಾಡೋ ಮನೆತನ. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯಾಗಿ ಬಂದ ಮೇಲೆ ಮೂರು ವರ್ಷ ನಾನೂ ಮಾವನ ಪಕ್ಕ ಕೂತು ತಕ್ಕಡಿ ಬಿಚ್ಚಿ ಜೋಡಿಸಿದವಳೇ. ಆದರೆ ನಾನು ಹೆತ್ತ ಮಗಳನ್ನೇ ದಿನಕ್ಕೆ ಎಂಟು ಸಲ ತಕ್ಕಡಿಗೆ ಹಾಕ್ತಾರೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಮಗು ಹುಟ್ಟಿ ಹತ್ತು ದಿನ. ಎದೆಹಾಲೇ ಕೊಡ್ತೀನಿ ಅಂತ ಬಸುರಿಯಿದ್ದಾಗಲೇ ಹೇಳಿದ್ದೆ, ಎಲ್ಲರೂ ಹೂಂಗುಟ್ಟಿದ್ದರು. ಮೊನ್ನೆ ಮಗು ಎರಡು ಸಲ ಜೋರಾಗಿ ಅತ್ತದ್ದೇ ತಡ, ಆ ಹೂಂಗಳೆಲ್ಲ ಎಲ್ಲಿ ಹೋದವೋ! ನಿನ್ನೆ ಬೆಳಿಗ್ಗೆ ಮಾವ ಗ್ರಾಂ ತೋರಿಸೋ ಎಲೆಕ್ಟ್ರಾನಿಕ್ ತಕ್ಕಡಿ ತಂದು ನನ್ನ ಮಂಚದ ಪಕ್ಕ ಇಟ್ಟರು.

"ಊಹೆ ಯಾಕಮ್ಮ? ಹಾಲು ಕುಡಿಯೋ ಮೊದಲು ತೂಗೋಣ, ಕುಡಿದ ಮೇಲೆ ತೂಗೋಣ. ಎಷ್ಟು ಹೊಟ್ಟೆಗೆ ಹೋಯ್ತು ಅಂತ ಗೊತ್ತಾಗತ್ತೆ."

ಗೊತ್ತಾಯ್ತು. ಹದಿನೈದು ಗ್ರಾಂ. ಇಪ್ಪತ್ತು. ಒಂದು ಸಲ ಬರೀ ಎಂಟು. ಮಗು ಚೆನ್ನಾಗಿದೆ, ಉಚ್ಚೆ ಸರಿಯಾಗಿ ಹೋಗ್ತಿದೆ ಅಂತ ಮನೆಗೆ ಬಂದಿದ್ದ ನರ್ಸಮ್ಮ ಹೇಳಿದ್ದು ಯಾರ ತಲೆಯಲ್ಲೂ ಉಳಿಯಲಿಲ್ಲ. ಇವತ್ತು ಬೆಳಿಗ್ಗೆ ನಾದಿನಿ ಹಾಲಿನ ಪುಡಿಯ ಡಬ್ಬ ತಂದು ಮೇಜಿನ ಮೇಲೆ ಕುಕ್ಕಿದಳು.

"ಹಠ ಬಿಡಿ ಅತ್ತಿಗೆ. ನಿಮ್ಮ ಹಠಕ್ಕೆ ಮಗು ಒಣಗಬೇಕಾ?"

"ಸಂಜೆಯಿಂದ ಬಾಟಲಿ," ಎಂದರು ಅತ್ತೆ. "ಮುಗೀತು ಮಾತು."

ನನ್ನ ಗಂಡನ ಮುಖ ನೋಡಿದೆ. ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟು, ಅಂಗಡಿಗೆ ಇಳಿದುಹೋದ. ಮೈಯೆಲ್ಲ ಉರಿದುಹೋಯ್ತು. ಉರಿಗಿಂತ ಹೆಚ್ಚಾಗಿ ಭಯ. ನಿಜವಾಗಲೂ ನನ್ನ ಕೂಸು ಹಸಿದುಕೊಂಡಿದೆಯಾ?

ಮಧ್ಯಾಹ್ನ ಮತ್ತೆ ಅದೇ ಆಟ. ಒಣ ಬಟ್ಟೆ ಸುತ್ತಿ ಮಗುವನ್ನು ತೂಗಿದರು. ನಾನು ಹಾಲು ಕುಡಿಸಿದೆ. ಅತ್ತೆ ಮಗುವನ್ನು ಎತ್ತಿಕೊಂಡು, ಒದ್ದೆಯಾಗಿದ್ದ ಬಟ್ಟೆ ಬಿಚ್ಚಿ ಖಾಲಿ ಬಕೆಟ್ಟಿಗೆ ಎಸೆದು, ಬೇರೆ ಒಣ ಬಟ್ಟೆ ಸುತ್ತಿ ತಕ್ಕಡಿ ಮೇಲೆ ಮಲಗಿಸಿದರು.

"ಹದಿನಾಲ್ಕು," ಎಂದರು ಮಾವ.

ತಟ್ಟನೆ ಹೊಳೀತು. ತಕ್ಕಡಿ ಮೇಲೆ ಒದ್ದೆ ಇಡಬಾರದು! ನಮ್ಮ ಅಂಗಡಿಯ ಮೊದಲ ಪಾಠ. ಅತ್ತೆಗೆ ಅದು ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗೇ ಮಾಡತ್ತೆ. ಮಗು ಕುಡೀತಾ ಕುಡೀತಾನೇ ಉಚ್ಚೆ ಹೊಯ್ದಿರತ್ತೆ, ಅದು ಬಕೆಟ್ಟಿಗೆ ಹೋಗತ್ತೆ, ಲೆಕ್ಕದಲ್ಲಿ ನನ್ನ ಹಾಲು ಕಮ್ಮಿ ಬೀಳತ್ತೆ. ಛೆ, ಮೂರು ವರ್ಷ ತಕ್ಕಡಿ ಮುಂದೆ ಕೂತ ನನಗೂ ಇದು ಕಾಣಲಿಲ್ಲವಲ್ಲ!

ಹೆರಿಗೆಯ ಹೊಲಿಗೆ ಚುರ್ ಅಂದರೂ ಮಂಚ ಇಳಿದೆ. ಮಗುವನ್ನು ಎತ್ತಿಕೊಂಡು ಅಂಥದೇ ಒಂದು ಒಣ ಬಟ್ಟೆ ಇಟ್ಟು ಸೊನ್ನೆ ಮಾಡಿ, ಅದನ್ನು ತೆಗೆದು, ಬಕೆಟ್ಟಿನ ಒದ್ದೆ ಬಟ್ಟೆಯನ್ನು ತಕ್ಕಡಿ ಮೇಲೆ ಪಟ್ ಅಂತ ಹಾಕಿದೆ.

"ಅಯ್ಯೋ, ಒದ್ದೆ!" ಎಂದರು ಅತ್ತೆ.

"ಹೌದು, ಒದ್ದೆ. ಓದಿ ಮಾವ."

"ನಲವತ್ತೆರಡು..."

"ಇದೇನು ಆಕಾಶದಿಂದ ಉದುರಿತಾ? ನನ್ನ ಹಾಲೇ ತಾನೇ?"

ನಾದಿನಿ "ಆದ್ರೂ ಅತ್ತಿಗೆ..." ಅಂತ ಶುರುಮಾಡಿದಳು. ನಾನು ಬಿಡಲಿಲ್ಲ.

"ಆದ್ರೂ ಗೀದ್ರೂ ಬೇಡ. ಪುಡಿ ಏನು ವಿಷ ಅಲ್ಲ. ನಿಜವಾಗಲೂ ಹಾಲು ಸಾಲದಿದ್ರೆ ಡಾಕ್ಟರನ್ನ ಕೇಳಿ ನಾನೇ ಕಲಸಿ ಕುಡಿಸ್ತಿದ್ದೆ. ನಾಳೆ ಬೇಕು ಅನ್ನಿಸಿದ್ರೂ ಕುಡಿಸ್ತೀನಿ. ಆದರೆ ನಿನ್ನೆಯಿಂದ ನೀವೆಲ್ಲ ತಕ್ಕಡೀನ ಕೇಳಿದ್ರಿ. ನನ್ನನ್ನ ಯಾರು ಕೇಳಿದ್ರಿ?"

ಅತ್ತೆ ಆ ಒದ್ದೆ ಬಟ್ಟೆಯನ್ನು ಕೈಗೆತ್ತಿಕೊಂಡು, ಅದನ್ನೇ ನೋಡುತ್ತಾ ನಿಂತರು.

"ತಪ್ಪು ನನ್ನದೇ," ಎಂದರು ಮಾವ, ತಕ್ಕಡಿ ಆಫ್ ಮಾಡುತ್ತಾ. "ಈಗ ನಿನಗೇನು ಬೇಕು, ಹೇಳಮ್ಮ."

ಇನ್ನೂ ಹತ್ತು ಮಾತಿಗೆ ಸಿದ್ಧಳಾಗಿದ್ದೆ. ಈ ಒಂದು ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ.

"ನಿದ್ದೆ," ಎಂದೆ.

ಮಾವ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟರು, ಎಲ್ಲರೂ ಅವರ ಹಿಂದೆ. ಕಣ್ಣು ಎಳೆಯುತ್ತಿತ್ತು. ಬಾಗಿಲಾಚೆ ನಾದಿನಿ ಪಿಸುಗುಟ್ಟಿದ್ದು ಕೇಳಿಸಿತು.

"ಈಗ ಮಗು ಅತ್ರೆ ಏನಮ್ಮ ಮಾಡೋದು? ಒಂದೇ ಒಂದು ಬಾಟಲಿ ಕಲಸಿ ಕೊಟ್ರೆ ಅತ್ತಿಗೆಗೆ ಹೇಗೆ ಗೊತ್ತಾಗತ್ತೆ?"

"ಆ ಡಬ್ಬದ ಮೇಲಿಂದ ಕೈ ತೆಗಿ," ಎಂದರು ಅತ್ತೆ. "ಅತ್ರೆ ಅವಳನ್ನ ಎಬ್ಬಿಸಿ ಕೇಳ್ತೀವಿ."