ಗುಳ್ಳೆ ಏಳದ ತೋಳು

ಇಂಗಳೇಶ್ವರದಲ್ಲಿ ಯೋಹಾನಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೇವಿ ಡಾಕ್ಟರ ಎನ್ನುತ್ತಿದ್ದರು; ಸಿಡುಬಿಗೂ ಅದರ ಲಸಿಕೆಗೂ ಅಲ್ಲಿ ದೇವಿ ಎಂದೇ ಹೆಸರು. ಅವನು ಡಾಕ್ಟರನೇನಲ್ಲ, ಬಾಗೇವಾಡಿ ತಾಲೂಕಿನ ಹಳ್ಳಿಗಳನ್ನು ಸೈಕಲ್ ಮೇಲೆ ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಚುಚ್ಚುವ ನೌಕರ. ಹೆಂಡತಿ ಎಸ್ತೇರವ್ವ ಗುಳೇದಗುಡ್ಡದ ನೇಕಾರರ ಮಗಳು. ಒಂಬತ್ತು ವರ್ಷದ ಸುಗುಣಾ, ನಾಲ್ಕು ವರ್ಷದ ಪ್ರಭುದಾಸ ಇಬ್ಬರು ಮಕ್ಕಳು. ಊರಲ್ಲಿ ಬೇರೆ ಕ್ರಿಸ್ತರ ಮನೆ ಇರಲಿಲ್ಲ.

ಐವತ್ತೊಂಬತ್ತನೆಯ ಇಸವಿ ಮೇ ತಿಂಗಳಲ್ಲಿ ಪ್ರಭುದಾಸ ಸಿಡುಬಿನಿಂದಲೇ ಸತ್ತ.

ಹೂಳಲು ಜಾಗ ಸಿಗುವುದೇ ಕಷ್ಟವಾಯಿತು. ಕೊನೆಗೆ ಸೈಕಲ್ ರಿಪೇರಿಯ ಮಲಿಕಸಾಬ, “ಹಳ್ಳದಾಚಿ ನನ್ನ ಹೊಲದ ಬದುವಿನಾಗ ಮಣ್ಣು ಮಾಡ್ರಿ. ಕೂಸಿಗೆ ಜಾತಿ ಯಾವುದು?” ಎಂದು ತಾನೇ ಸಲಿಕೆ ತಂದ. ಊರಿನಿಂದ ಬಂದವನು ಅವನೊಬ್ಬನೇ.

ಮರುದಿನದಿಂದ ಮಾತು ಶುರುವಾಯಿತು. ದೇವಿ ಹಾಕುವವನ ಮಗನಿಗೇ ದೇವಿ ಬಂದರೆ ಅರ್ಥವೇನು? ತನ್ನ ಮಗನಿಗೆ ಹಾಕಿರಲೇ ಇಲ್ಲ ಎಂದರು ಕೆಲವರು. ಹಾಗಾದರೆ ನಮ್ಮ ಮಕ್ಕಳಿಗೆ ಹಾಕಿದ್ದು ಏನು? ದೇವಿಯವ್ವನನ್ನು ಸೂಜಿಯಿಂದ ತಡೆಯಲು ಹೋದ, ಅವಳು ಮನೆಗೇ ಬಂದಳು ಎಂದರು ಇನ್ನು ಕೆಲವರು. ಪಕ್ಕದ ಮನೆಯ ಗುರವ್ವ ದಿನವೂ ಮಜ್ಜಿಗೆ ಕೊಡಲು ಒಳಗೆ ಬಂದು ಒಲೆಯ ಮುಂದೆ ಕೂರುತ್ತಿದ್ದವಳು, ಈಗ ತಂಬಿಗೆಯನ್ನು ಗೋಡೆಯ ಮೇಲಿಟ್ಟು ಕೂಗಿ ಹೋಗುತ್ತಿದ್ದಳು. ಕೆಲವು ದಿನ ಅದೂ ನಿಂತಿತು.

“ಅತ್ತಿ, ನೀವೂ ಹಂಗ ತಿಳಕೊಂಡೀರೇನು?” ಎಂದು ಎಸ್ತೇರವ್ವ ಒಮ್ಮೆ ಕೇಳಿದಳು.

“ನಾ ಏನ್ ತಿಳಕೊಳ್ಳಿ ಯವ್ವಾ? ನನ್ನ ಮೊಮ್ಮಗನ ತೋಳಿಗೂ ನಿನ್ನ ಗಂಡನ ಚುಚ್ಚ್ಯಾನ. ನಂಗ ನಿದ್ದಿ ಬರವಲ್ದು,” ಎಂದಳು ಗುರವ್ವ, ಗೋಡೆಯ ಆಚೆಯಿಂದಲೇ.

ಎಸ್ತೇರವ್ವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಏಕೆಂದರೆ ಅವಳ ಹೊಟ್ಟೆಯಲ್ಲೂ ಅದೇ ಸಂಶಯ ಕೂತಿತ್ತು.

ಯುಗಾದಿಯ ಹಿಂದಿನ ವಾರ ಗಂಡ ಊರ ಮಕ್ಕಳಿಗೆಲ್ಲ ಲಸಿಕೆ ಹಾಕಿದ್ದ. ಅದೇ ದಿನ ಪ್ರಭುವಿಗೂ ಹಾಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನನ್ನು ತೊಡೆಯ ಮೇಲೆ ಒತ್ತಿ ಹಿಡಿದವಳೇ ಅವಳು. ಆದರೆ ಲಸಿಕೆ ಹತ್ತಿದರೆ ವಾರದೊಳಗೆ ತೋಳಿನಲ್ಲಿ ಗುಳ್ಳೆ ಏಳಬೇಕು, ಕೀವಾಗಬೇಕು, ಆಮೇಲೆ ಕಲೆ ಉಳಿಯಬೇಕು. ಸುಗುಣಾಳ ತೋಳಿನಲ್ಲಿ ನಾಲ್ಕು ದುಂಡು ಕಲೆ ಇದ್ದವು. ಪ್ರಭುವಿನ ಗೀರುಗಳು ಮೂರೇ ದಿನಕ್ಕೆ ಒಣಗಿ ಮಾಯವಾದವು. ಆಗ ಕೇಳಿದ್ದಕ್ಕೆ ಯೋಹಾನಪ್ಪ, “ಕೆಲವರಿಗೆ ಏಳೂದಿಲ್ಲ, ಬಿಡು,” ಎಂದು ಅಂಗಿ ಕೊಡವಿ ಹೊರಗೆ ಹೋಗಿದ್ದ. ಮುಂದೆ ಮಸೂತಿ ಎಂಬ ಹಳ್ಳಿಯಲ್ಲಿ ಸಿಡುಬಿನ ಬೇನೆ ಎದ್ದಾಗ ಅವನು ಮಗನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿಬಂದ. ಎರಡು ವಾರಕ್ಕೆ ಜ್ವರ ಬಂತು.

ಈಗ ಗಂಡ ಊಟಕ್ಕೆ ಕೂತರೆ ತಾಟಿನಿಂದ ಕಣ್ಣೆತ್ತುತ್ತಿರಲಿಲ್ಲ. ಲಸಿಕೆಯ ತಗಡಿನ ಡಬ್ಬಿಗೆ ಎಂದೂ ಇಲ್ಲದ ಬೀಗ ಹಾಕಿದ್ದ. ಅವಳು ಸುಮ್ಮನೆ ಅವನತ್ತ ನೋಡಿದರೂ, “ಏನ್ ನೋಡ್ತಿ?” ಎಂದು ಗದರುತ್ತಿದ್ದ.

ಪ್ರಾರ್ಥನೆ ಮಾಡಲು ಕೂತರೆ ಎಸ್ತೇರವ್ವನಿಗೆ ಬಾಯಿ ತೆರೆಯುತ್ತಿರಲಿಲ್ಲ. ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಕೂತು ಅಪ್ಪ ಹಾಡುತ್ತಿದ್ದ ಕೀರ್ತನೆಗಳೆಲ್ಲ ಬಾಯಿಪಾಠ ಇದ್ದವು. ಒಂದರ ಮೊದಲ ಸಾಲೂ ನಾಲಿಗೆಗೆ ಬರುತ್ತಿರಲಿಲ್ಲ. ಗಂಡನನ್ನು ನಂಬದವಳು ದೇವರನ್ನು ನಂಬುವುದು ಹೇಗೆ ಎನಿಸುತ್ತಿತ್ತು.

ಜೂನ್ ಮೊದಲ ವಾರ. ಮಳೆ ಇನ್ನೂ ಬಂದಿರಲಿಲ್ಲ. ಶಾಲೆಗೆ ರಜೆ ಇದ್ದುದರಿಂದ ಊರ ಮಕ್ಕಳೆಲ್ಲ ಬಾವಿಯ ಕಟ್ಟೆಯ ಬಳಿ ಬರಿಮೈಯಲ್ಲಿ ನೀರು ಎರಚಾಡುತ್ತಿದ್ದರು. ಕೊಡ ಹೊತ್ತು ಬಂದ ಎಸ್ತೇರವ್ವ ನಿಂತುಬಿಟ್ಟಳು. ಗುರವ್ವನ ಮೊಮ್ಮಗನ ತೋಳು ನೋಡಿದಳು: ನುಣ್ಣಗಿತ್ತು. ದಾವಲಬಿಯ ಅವಳಿ ಹೆಣ್ಣುಮಕ್ಕಳ ತೋಳು: ಏನೂ ಇಲ್ಲ. ಕಸ್ತೂರೆವ್ವನ ಮಗನನ್ನು ಹತ್ತಿರ ಕರೆದು ತೋಳು ತಿರುಗಿಸಿ ನೋಡಿದಳು. ಆ ವರ್ಷ ಹಾಕಿಸಿಕೊಂಡ ಒಂದು ಮಗುವಿನ ಮೈಮೇಲೂ ಕಲೆ ಇರಲಿಲ್ಲ.

“ಏ ಬಾಯಿ, ನನ್ನ ಮಗನ ತೋಳು ಯಾಕ ಹಿಡದಿ?” ಕಸ್ತೂರೆವ್ವ ಓಡಿಬಂದು ಮಗನನ್ನು ಎಳೆದುಕೊಂಡಳು. “ನಿನ್ನ ಮಗ ಹ್ವಾದ ಅಂತ ನಮ್ಮವರ ಮ್ಯಾಲೆ ಕಣ್ಣು ಹಾಕ್ತೀ?”

ಎಸ್ತೇರವ್ವ ಖಾಲಿ ಕೊಡದೊಂದಿಗೇ ಮನೆಗೆ ಬಂದಳು. ಯೋಹಾನಪ್ಪ ಪಡಸಾಲೆಯಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

“ಯುಗಾದಿ ಮುಂದ ನೀವು ಹಾಕಿದ್ದು ಒಂದ ಮಗೂಗೂ ಎದ್ದಿಲ್ಲ. ನಾ ಈಗ ನೋಡಿ ಬಂದೇನಿ. ಖರೇ ಹೇಳ್ರಿ.”

ಎಣ್ಣೆಯ ಡಬ್ಬಿ ಅವನ ಕೈಯಲ್ಲೇ ವಾಲಿ ನೆಲದ ಮೇಲೆ ಸುರಿಯಿತು. ಅವನು ಚಿಂದಿಯಿಂದ ನೆಲ ಒರೆಸತೊಡಗಿದ.

“ಆಗ ನಾ ಚಳಿಜ್ವರ ಬಂದು ಹನ್ನೆರಡು ದಿನ ಮಲಗಿದ್ದೆ, ನೆನಪೈತಿಲ್ಲ?” ಎಂದ ಕೊನೆಗೆ. “ಲಸಿಕಿ ನಳಿಗಿ ಮನ್ಯಾಗ ಇದ್ವು. ತಂಪಿನಾಗ ಇರಬೇಕು ಅವು. ಆ ಬಿಸಿಲಿಗೆ ಕೆಟ್ಟಿರಬೇಕು ಅಂತ ಸಂಶೇ ಬಂತು. ತಿರುಗಿ ಕಳಸಬೇಕಿತ್ತು. ಕಳಸಿದ್ರ ಯಾಕ ಇಟ್ಕೊಂಡು ಕೂತಿ ಅಂತ ಕೇಳ್ತಾರ. ಅದಕ್ಕ ಹಾಕಿಬಿಟ್ಟೆ.”

“ಎಂಟನೇ ದಿನ ತೋಳು ನೋಡಲಿಲ್ಲೇನು?”

“ನೋಡಿದೆ. ನೋಡಿ, ಎದ್ದಾವ ಅಂತ ದಫ್ತರದಾಗ ಬರದೆ.”

“ಪ್ರಭೂಂದು?”

“ಅದೊಂದು ನೋಡಲಿಲ್ಲ. ಅಂಜಿದೆ.”

“ಅಂಜಿದವರು ಅವನ್ನ ಮಸೂತಿಗೆ ಯಾಕ ಒಯ್ದ್ರಿ?”

“ಅಲ್ಲಿ ಜನ ಹಾಕಿಸ್ಕೊಳಾಕ ಒಲ್ಲೆ ಅಂದ್ರು. ನೋಡ್ರಿ, ನನ್ನ ಮಗನ್ನ ಕರಕೊಂಡು ಬಂದೇನಿ, ಹಾಕಿಸ್ಕೊಂಡವಗ ಏನೂ ಆಗಂಗಿಲ್ಲ ಅಂತ ತೋರಸಾಕ ಒಯ್ದೆ.” ಅವನು ಮುಖ ಮುಚ್ಚಿಕೊಂಡ. “ಅಷ್ಟೊತ್ತಿಗೆ ನನ್ನ ಸುಳ್ಳು ನಾನ ನಂಬಿದ್ದೆ, ಎಸ್ತೇರ.”

ಅವಳು ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಉರಿಬಿಸಿಲಿನಲ್ಲಿ ಹಳ್ಳ ದಾಟಿ ಮಲಿಕಸಾಬನ ಹೊಲಕ್ಕೆ ಹೋಗಿ ಮಗನ ಮಣ್ಣಿನ ಮುಂದೆ ಕುಸಿದಳು.

“ನಿನಗ ಗೊತ್ತಿತ್ತಿಲ್ಲ?” ಎಂದು ದೇವರನ್ನು ಜೋರಾಗಿಯೇ ಕೇಳಿದಳು. “ಎಲ್ಲಾ ನೋಡೂವ ನೀನು. ಆ ಡಬ್ಬಿ ನೋಡಲಿಲ್ಲ? ಜ್ವರದಾಗ ಬಿದ್ದವನ್ನ ಎರಡು ದಿನ ಮೊದಲ ಎಬ್ಬಿಸಾಕ ಆಗಲಿಲ್ಲ ನಿನಗ?”

 ಎಷ್ಟೋ ದಿನದ ಮೇಲೆ ಅವಳು ಅವನೊಡನೆ ಮಾತಾಡಿದ್ದಳು. ಬಯ್ಯುತ್ತ ಹೋದಳು, ಗಂಟಲು ಒಣಗುವ ತನಕ ಬಯ್ದಳು. ಬಯ್ಯುತ್ತಿರುವಾಗಲೇ ನೆನಪಾಯಿತು: ದೇವರ ಸ್ವಂತ ಮಗನೂ ಶಿಲುಬೆಯ ಮೇಲೆ ತೂಗುತ್ತ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೇಳಿದ್ದ. ಅವನ ತಾಯಿ ಕೆಳಗೆ ನಿಂತು ನೋಡಿದ್ದಳು. ಮಗನನ್ನು ಕಳೆದುಕೊಳ್ಳುವುದು ಏನೆಂದು ಬಲ್ಲವನ ಮುಂದೆಯೇ ತಾನು ಕೂತಿದ್ದೇನೆ ಎನಿಸಿತು. ದುಃಖ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅದನ್ನು ಒಬ್ಬಳೇ ಹೊತ್ತಿಲ್ಲ ಎಂಬುದಷ್ಟೇ ತಿಳಿಯಿತು. ಬಾವಿಕಟ್ಟೆಯ ನುಣುಪಾದ ತೋಳುಗಳು ಕಣ್ಣಮುಂದೆ ಬಂದವು. ಸೆರಗಿನಿಂದ ಮುಖ ಒರೆಸಿ ಎದ್ದಳು.

“ಬಾಗೇವಾಡಿಗೆ ಹೋಗಿ ಸಾಹೇಬರ ಮುಂದ ಎಲ್ಲಾ ಹೇಳ್ರಿ. ಹೊಸಾ ಲಸಿಕಿ ತರ್ರಿ,” ಎಂದಳು ಮನೆಗೆ ಬಂದು ಗಂಡನಿಗೆ.

“ನೌಕರಿ ಹೋಗ್ತೈತಿ.”

“ಹೋಗ್ಲಿ.”

“ಊರವರು ಬಡೀತಾರ.”

“ಮೊದಲ ನನ್ನ ಬಡೀಲಿ. ನಾ ಮುಂದ ನಿಂದರ್ತೇನಿ.”

ಮರುದಿನ ಬೆಳಗಿನ ಬಸ್ಸಿಗೆ ಅವನು ಹೋದ. ಸಂಜೆಯ ಬಸ್ಸಿಗೆ ಬರಲಿಲ್ಲ. ಓಡಿಹೋದ ಎಂದು ಊರಲ್ಲಿ ಸುದ್ದಿಯಾಯಿತು. ಹೋಗಿರಬಹುದು ಎಂದು ಎಸ್ತೇರವ್ವನಿಗೂ ಅನಿಸಿತು. ಆದರೂ ಅವನಿಗಾಗಿ ಕಾಯದೆ ಚಾವಡಿಗೆ ಹೋದಳು. ಗೌಡ ಬಸಂತರಾಯ ಲೋಡಿಗೆ ಒರಗಿ ಕೂತಿದ್ದ. ಹತ್ತಾರು ಜನ ಸೇರಿದ್ದರು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಲಸಿಕೆ ಕೆಟ್ಟಿತ್ತು, ಗಂಡ ಮುಚ್ಚಿಟ್ಟ, ಅದೇ ಕಾರಣಕ್ಕೆ ತನ್ನ ಮಗ ಸತ್ತ, ನಿಮ್ಮ ಮಕ್ಕಳಿಗೂ ರಕ್ಷಣೆ ಇಲ್ಲ, ಮತ್ತೆ ಹಾಕಿಸಬೇಕು.

 ಎಲ್ಲರೂ ಒಟ್ಟಿಗೇ ಕೂಗಿದರು. ಯಾರೋ ಮಣ್ಣಿನ ಹೆಂಟೆ ಎಸೆದರು; ಅದು ಅವಳ ಹೆಗಲಿಗೆ ತಾಗಿ ಒಡೆಯಿತು.

ಬಸಂತರಾಯ ಕೈಯೆತ್ತಿ ಗದ್ದಲ ನಿಲ್ಲಿಸಿದ. “ಒಂದು ಸಲ ಸುಳ್ಳು ಹೇಳಿದವರು ಇನ್ನೊಂದು ಸಲ ಹೇಳಂಗಿಲ್ಲ ಅಂತ ಹೆಂಗ ನಂಬೂದು? ಊರ ಮಂದಿನ್ನ ಅಂಜಿಸಿ ನಿಮ್ಮ ಧರ್ಮಕ್ಕ ಎಳಕೊಳ್ಳಾಕ ಇದೂ ಒಂದು ಆಟ ಏನು?”

“ನಂಬಬ್ಯಾಡ್ರಿ ಗೌಡ್ರ,” ಎಂದಳು ಎಸ್ತೇರವ್ವ. “ನನ್ನೂ ನಂಬಬ್ಯಾಡ್ರಿ. ನಿಮ್ಮ ನಿಮ್ಮ ಮಕ್ಕಳ ತೋಳು ನೀವ ನೋಡ್ರಿ. ಹಾಕಿದ ಮ್ಯಾಲೆ ಎಂಟನೇ ದಿನ ನೀವ ನೋಡ್ರಿ. ನನ್ನ ಮಗನ ತೋಳು ನಾ ನೋಡೀನಿ, ನೋಡಿ ಸುಮ್ಮನ ಕೂತೀನಿ. ಆ ತಪ್ಪು ನಂದು.”

ಕೆಲವರು ಎದ್ದು ಮನೆಗೆ ಹೋದರು. ಮಕ್ಕಳನ್ನು ದೀಪದ ಬೆಳಕಿಗೆ ಎಳೆದು ತೋಳು ನೋಡುತ್ತಿದ್ದುದು ಓಣಿಯುದ್ದಕ್ಕೂ ಕಾಣುತ್ತಿತ್ತು.

ಯೋಹಾನಪ್ಪ ಮರುದಿನ ಮಧ್ಯಾಹ್ನ ಬಂದ. ಜೊತೆಗೆ ತಾಲೂಕಿನ ಡಾಕ್ಟರು ಇದ್ದರು, ಮರಪುಡಿ ತುಂಬಿದ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಮಧ್ಯೆ ಹೊಸ ನಳಿಗೆಗಳಿದ್ದವು. ಮಂಜುಗಡ್ಡೆ ವಿಜಾಪುರದಿಂದ ಬರಬೇಕಾಗಿದ್ದರಿಂದಲೇ ಒಂದು ದಿನ ತಡವಾಗಿತ್ತು. ಮಲಿಕಸಾಬನ ಅಂಗಡಿಯ ಮುಂದೆ ಬೆಂಚು ಹಾಕಿದರು. ಒಂದು ತಾಸು ಕಳೆದರೂ ಯಾರೂ ಬರಲಿಲ್ಲ. ಬಾಗಿಲ ಸಂದಿಗಳಿಂದ ನೋಡುತ್ತಿದ್ದರು.

ಮೊದಲು ಬಂದವಳು ಗುರವ್ವ. ಮೊಮ್ಮಗನನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು.

“ಮೊದಲ ಇಕೀಗೆ ಹಾಕ್ರಿ,” ಎಂದು ಎಸ್ತೇರವ್ವನ ಕಡೆ ಬೆರಳು ತೋರಿಸಿದಳು. “ಅದ ನಳಿಗ್ಯಾಗಿಂದು. ಇಕಿ ಮಗಳಿಗೂ.”

ಎಸ್ತೇರವ್ವ ತೋಳು ಚಾಚಿದಳು. ಸುಗುಣಾ ಅಳಲಿಲ್ಲ. ಗುರವ್ವ ನಳಿಗೆಯನ್ನು ಕೈಯಲ್ಲಿ ಹಿಡಿದು ಅದರ ತಂಪು ನೋಡಿ, ಆಮೇಲೆ ಮೊಮ್ಮಗನನ್ನು ಮುಂದೆ ತಂದಳು. ಯೋಹಾನಪ್ಪ ಸೂಜಿ ಹಿಡಿಯಲು ಹೋದಾಗ, “ನೀ ಬ್ಯಾಡ. ಡಾಕ್ಟರಸಾಹೇಬ್ರು ಹಾಕ್ಲಿ,” ಎಂದಳು. ಅವನು ಹಿಂದೆ ಸರಿದು ನಿಂತ. ಹೊತ್ತು ಮುಳುಗುವುದರೊಳಗೆ ಮೂವತ್ತೊಂದು ಮಕ್ಕಳಿಗೆ ಹಾಕಿದ್ದಾಯಿತು.

ಎಂಟನೆಯ ದಿನ ಎಸ್ತೇರವ್ವ ಮನೆಮನೆಗೆ ಹೋದಳು. ಒಳಗೆ ಕರೆಯದಿದ್ದಲ್ಲಿ ಹೊಸ್ತಿಲ ಹೊರಗೇ ನಿಂತು ಕೇಳಿದಳು. ತೋಳುಗಳಲ್ಲಿ ಗುಳ್ಳೆ ಎದ್ದಿದ್ದವು, ಮಕ್ಕಳು ನೋವಿನಿಂದ ರಂಪ ಮಾಡುತ್ತಿದ್ದರು. ಅಷ್ಟು ಚಂದದ ಅಳು ಅವಳು ಕೇಳಿರಲಿಲ್ಲ.

ಎಲ್ಲವೂ ಒಳ್ಳೆಯದಾಗಲಿಲ್ಲ. ಲಸಿಕೆ ಹಾಕಿಸಲು ಬೆಂಚಿನ ಬಳಿ ಬರಲೊಪ್ಪದ ರಾಮವ್ವನ ಎಂಟು ತಿಂಗಳ ಕೂಸಿಗೆ ಬೇನೆ ಬಂತು, ಕೂಸು ಉಳಿಯಲಿಲ್ಲ. ಎಸ್ತೇರವ್ವ ಅವಳ ಮನೆಗೆ ಹೋದಾಗ ರಾಮವ್ವ ಬಾಗಿಲು ಬಡಿದು ಹಾಕಿಕೊಂಡಳು. ಎಸ್ತೇರವ್ವ ಹೊರಗೆ ಕಟ್ಟೆಯ ಮೇಲೆ ಕೂತಳು. ಮರುದಿನವೂ ಹೋಗಿ ಕೂತಳು. ಮೂರನೆಯ ದಿನ ಬಾಗಿಲು ತೆರೆಯಿತು.  ಎಸ್ತೇರವ್ವ ಒಲೆ ಹಚ್ಚಿ ಅಂಬಲಿ ಕಾಸಿ ಅವಳಿಗೆ ಕುಡಿಸಿದಳು.

ಯೋಹಾನಪ್ಪನ ಕೆಲಸ ಹೋಯಿತು. ಇಂಡಿ ತಾಲೂಕಿನ ಅಗರಖೇಡದಲ್ಲಿ ಒಬ್ಬರ ಹೊಲ ಕಾಯುವ ಕೆಲಸ ಮಲಿಕಸಾಬನ ಪರಿಚಯದಿಂದ ಸಿಕ್ಕಿತು. ಗಂಡ ಹೆಂಡತಿಯ ನಡುವೆ ಮೊದಲಿನ ಸಲಿಗೆ ಮರಳಲಿಲ್ಲ. ಕ್ಷಮಿಸಿದ್ದೇನೆ ಎಂದು ಅವಳು ಒಂದೊಂದು ಬೆಳಿಗ್ಗೆ ಹೇಳುತ್ತಿದ್ದಳು. ಸಂಜೆಯ ಹೊತ್ತಿಗೆ ಮತ್ತೆ ಕ್ಷಮಿಸಲಾಗದೆ, ಅದಕ್ಕಾಗಿ ಪ್ರಾರ್ಥಿಸುತ್ತಿದ್ದಳು. ಅವನು ಪಕ್ಕದಲ್ಲಿ ಮೊಣಕಾಲೂರಿ ಕೂರುತ್ತಿದ್ದ. ಮಗನ ಹೆಸರು ಬಂದಾಗ ಇಬ್ಬರೂ ಅಳುತ್ತಿದ್ದರು. ಅಷ್ಟರಮಟ್ಟಿಗೆ ಅವರು ಕೂಡಿದ್ದರು.

ಊರು ಬಿಡುವ ದಿನ ಬಸ್ಸಿನ ಬಳಿ ಗುರವ್ವ ಬಂದಳು. ರೊಟ್ಟಿಯ ಗಂಟನ್ನು ಸುಗುಣಾಳ ಕೈಗೆ ಕೊಟ್ಟು, ಎಸ್ತೇರವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ. ನಿಮ್ಮ ದೇವರು ನಿನ್ನ ಮಗನ್ನ ಉಳಸಲಿಲ್ಲ. ಆದ್ರೂ ಅವಗ ಕೈಮುಗಿತಿ. ಅದು ಹ್ಯಾಂಗ?”

“ನಾನೂ ಅವನ ಜೋಡಿ ಭಾಳ ಜಗಳಾಡೇನಿ ಅತ್ತಿ,” ಎಂದಳು ಎಸ್ತೇರವ್ವ. “ಅವ ಎದ್ದು ಹೋಗಲಿಲ್ಲ. ಕೂತು ಕೇಳಿದ.”

 “ನಂಗೇನೂ ತಿಳೀಲಿಲ್ಲ ಯವ್ವಾ,” ಎಂದು, ಗುರವ್ವ ಅವಳ ಹೆಗಲ ಮೇಲಿನ ಸೆರಗನ್ನು ಸರಿಪಡಿಸಿ, “ಹೋಗಿ ಬಾ,” ಎಂದಳು.